ಅವನು ಕೊಟ್ಟ ಊರು

ಹೋದ ತಿಂಗಳು ಎದುರು ಮನೆಯವರು ಕಿಟಕಿ ಬಾಗಿಲಿಗೆ ಎಣ್ಣೆ ಬಣ್ಣ ಹೊಡೆಸಿದರು. ಆ ವಾಸನೆ ಎರಡು ದಿನ ನಮ್ಮ ಮನೆಯೊಳಗೇ ಕೂತಿತ್ತು. ಜೀವನವಿಡೀ ಅದೇ ವಾಸನೆಯಲ್ಲಿ ಅನ್ನ ಉಂಡವನು ನಾನು, ಅದಕ್ಕೆ ನನಗೆ ತಲೆನೋವು ಬರಬಾರದು. ಬಂತು. ಮಂಚದ ಕೆಳಗಿನ ಟ್ರಂಕು ಎಳೆದು, ತಳದಲ್ಲಿದ್ದ ಪುಸ್ತಕ ತೆಗೆದೆ. ಅಂಗೈಯಗಲದ ಪುಸ್ತಕ, ಇಟಲಿ ಭಾಷೆಯದು. ಅದರ ಒಂದಕ್ಷರವೂ ನನಗೆ ಬರುವುದಿಲ್ಲ. ಹೊದಿಕೆಯ ಮೇಲೆ ಮೂಗು ಮುರಿದ ಕಲ್ಲಿನ ಸಿಂಹದ ಚಿತ್ರ, ಸಿಂಹದ ಬೆನ್ನ ಮೇಲೆ ಒಂದು ಹಳದಿ ಹೆಬ್ಬೆರಳ ಗುರುತು... ಬೆರಳು ನನ್ನದಲ್ಲ. ಬಣ್ಣ ನನ್ನದು.

ಎಂಬತ್ತರ ದಶಕದ ಕೊನೆಯಲ್ಲಿ ನಾವು ವಾಸ್ಕೋದ ಮಂಗೋರ್ ಹಿಲ್‌ನಲ್ಲಿದ್ದೆವು. ಆ ಬೆರಳಿನವನದು, ನನ್ನ ಗೆಳೆಯನದು, ನಮಗೆ ಅಂಟಿಕೊಂಡೇ ಇದ್ದ ಮನೆ, ನಡುವೆ ಒಂದೇ ಗೋಡೆ. ವಿಜಾಪುರ ಕಡೆಯ ಪಿಂಜಾರರವನು. ಅವನ ಅಜ್ಜಿ ಹತ್ತಿ ಹಿಂಜುತ್ತ ಹೇಳುತ್ತಿದ್ದ ಒಡಪು, ಅಂದರೆ ಒಗಟುಗಳನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ಗೋವಾಕ್ಕೆ ಬಂದಿದ್ದ. ಶಾಲೆ ನಾಲ್ಕನೆಯ ಇಯತ್ತೆಗೇ ಮುಗಿದಿತ್ತು. ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ನಮ್ಮ ಸಾಲಿನಲ್ಲಿ ಯಾರಿಗೆ ಕಾಗದ ಬಂದರೂ ಓದಿ ಹೇಳುತ್ತಿದ್ದವನು ನಾನೇ ಆದ್ದರಿಂದ ಎಲ್ಲರೂ ಮಾಸ್ತರ ಎಂದು ಕರೆಯುತ್ತಿದ್ದರು. ಕೆಲಸ ಮಾತ್ರ ಇಬ್ಬರದೂ ಒಂದೇ, ಬಣ್ಣ ಬಳಿಯುವುದು.

ಮಳೆಗಾಲ ಮುಗಿಯಿತೆಂದರೆ ಪಣಜಿಯ ಹಳೆಯ ಕೇರಿಯಲ್ಲಿ ನಮಗೆ ಕೈತುಂಬ ಕೆಲಸ. ಪೋರ್ತುಗೀಸರ ಕಾಲದ ಮನೆಗಳವು. ಗೋಡೆಯ ಸುಣ್ಣವನ್ನೆಲ್ಲ ಮಳೆ ತೊಳೆದುಬಿಡುತ್ತಿತ್ತು, ನಾವು ಮತ್ತೆ ಹಳದಿ, ನೀಲಿ, ಕಾವಿ ಹೊಡೆಯುತ್ತಿದ್ದೆವು. ಏಣಿಯ ಮೇಲೆ ನಿಂತು ಅವನು ಒಡಪು ಹಾಕುತ್ತಿದ್ದ. ನಮ್ಮ ಕಡೆ ಒಂದು ರೂಢಿ ಇದೆ. ಒಡಪು ಬಿಡಿಸಲಾಗದಿದ್ದರೆ ಸೋತವನು ಗೆದ್ದವನಿಗೆ ಒಂದು ಊರು ಕೊಡಬೇಕು, ಬಾಯಿಮಾತಿಗೆ. ನಾನು ಅವನಿಗೆ ಹುಬ್ಬಳ್ಳಿ ಕೊಟ್ಟೆ, ಧಾರವಾಡ ಕೊಟ್ಟೆ, ಅಳ್ನಾವರ, ಲೋಂಡಾ, ಕ್ಯಾಸಲ್ ರಾಕ್... ನಮ್ಮನ್ನು ಗೋವಾಕ್ಕೆ ತಂದ ರೈಲುದಾರಿಯ ಸ್ಟೇಷನ್ನುಗಳೆಲ್ಲ ಅವನ ಪಾಲಾದವು.

“ಇನ್ನ ನಿಂದ ಅಂತ ಏನೂ ಉಳದಿಲ್ಲ ನೋಡ ಮಾಸ್ತರ. ಊರಿಗೆ ಹೋಗೂದಿದ್ರ ಟಿಕೀಟ ನನ್ನ ಕೇಳಿ ತಗಸಬೇಕ ನೀ,” ಎಂದು ನಗುತ್ತಿದ್ದ. ಅವನು ಮಾತ್ರ ನನಗೆ ಒಂದೂರನ್ನೂ ಕೊಟ್ಟಿರಲಿಲ್ಲ. ಅವನಿಗೆ ಬಿಡಿಸಲು ಬಾರದ ಒಡಪು ನನ್ನ ಹತ್ತಿರ ಇರಲೇ ಇಲ್ಲ.

ಆ ಕೇರಿಯ ಒಂದು ಲಾಡ್ಜಿಗೆ ಪ್ರತಿ ಚಳಿಗಾಲಕ್ಕೆ ಇಟಲಿಯ ಒಬ್ಬ ಮುದುಕಿ ಬರುತ್ತಿದ್ದಳು. ಒಂದು ವರ್ಷ ಅವಳು ಈ ಪುಸ್ತಕ ತಂದು ನಮಗೆ ತೋರಿಸಿದಳು. ಅವಳ ಊರು ಬಹಳ ಹಳೆಯದಂತೆ. ಅಲ್ಲಿಗೆ ಬಂದವರು ಯಾರನ್ನೂ ಕೇಳದೆ, ಈ ಪುಸ್ತಕದ ಒಗಟುಗಳನ್ನು ಬಿಡಿಸುತ್ತ ಒಂದೊಂದೇ ಗಲ್ಲಿ ದಾಟಿ ಊರನ್ನೆಲ್ಲ ನೋಡುತ್ತಾರಂತೆ. ಮೂಗಿಲ್ಲದ ಸಿಂಹ ಹುಡುಕು, ಅದರ ಬಾಲದ ಕಡೆಗೆ ಹೋಗು, ಬಾವಿ ಸಿಗುತ್ತದೆ, ಹೀಗೆ. ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ಹೇಳಿದಳು. ನಾನು ಚಂದ ಇದೆ ಎಂದು ಬ್ರಷ್ಷು ತೊಳೆಯಲು ಹೋದೆ. ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತು ಚಿತ್ರ ನೋಡುತ್ತಲೇ ಇದ್ದ.

“ಮಾಸ್ತರ, ಇದು ನಮ್ಮ ಒಡಪನ ಐತ್ಯಲ್ಲೋ! ಬರೇ ಕಾಲ ಹಚ್ಯಾರ ಇದಕ್ಕ,” ಎಂದ.

ಹದಿನೈದು ದಿನದಲ್ಲಿ ಆ ಕೇರಿಗೆ ಹನ್ನೆರಡು ಒಡಪು ಕಟ್ಟಿದ. ಅವನು ಹೇಳುವುದು, ನಾನು ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಚೀಟಿ ಬರೆಯುವುದು. “ಎಷ್ಟ ಮಳಿ ಬಿದ್ರೂ ಪುಚ್ಚ ತೊಯ್ಯದ ಹುಂಜ, ಅದು ನೋಡೂ ಕಡೆ ನಡಿ.” ಅದು ಮಾಡಿನ ತುದಿಯ ಮಣ್ಣಿನ ಹುಂಜ. “ಕಡಲಾಗ ಹುಟ್ಟಿ ಕಿಡಕ್ಯಾಗ ಕುಂತೈತಿ, ಬೆಳಕಿಗಿ ಬಾ ಅಂತೈತಿ, ಕಣ್ಣಿಗಿ ಬ್ಯಾಡ ಅಂತೈತಿ.” ಅದು ಗಾಜಿನ ಬದಲು ಕಿಟಕಿಗೆ ಕೂರಿಸಿದ್ದ ಸಿಂಪಿಯ ಚಿಪ್ಪು. ಹನ್ನೆರಡನೆಯದು ಮೀನು. ಕಡೆಯ ಗಲ್ಲಿಯ ಹಳದಿ ಗೋಡೆಯ ಬುಡದಲ್ಲಿ, ಬೆರಳುದ್ದದ ಒಂದು ನೀಲಿ ಮೀನು. ನಮಗಿಂತ ಹಿಂದಿನ ಯಾವನೋ ಪೇಂಟರ್ ಎಣ್ಣೆ ಬಣ್ಣದಲ್ಲಿ ಬರೆದದ್ದು. ಯಾರು ಹೇಳಿದ್ದೋ ಗೊತ್ತಿಲ್ಲ, ಆದರೆ ಆ ಗೋಡೆಗೆ ಯಾವ ಪೇಂಟರ್ ಬಂದರೂ ಮೀನಿನ ಸುತ್ತ ಬ್ರಷ್ಷು ತಿರುಗಿಸಿ ಅದನ್ನು ಹಾಗೇ ಬಿಡುತ್ತಿದ್ದ. ಮಾಲಕರಿಗೂ ಅದು ಗೊತ್ತಿರಲಿಲ್ಲ. ಮೀನಿನ ಬಾಯಿ ತೋರಿಸುವ ಕಡೆ ಹೋದರೆ ಲಾಡ್ಜಿನ ಹಿತ್ತಲ ಬಾಗಿಲು.

ಒಂಬತ್ತು ವರ್ಷ ನಾನೂ ಅದೇ ಗಲ್ಲಿಗಳಲ್ಲಿ ಏಣಿ ಹೊತ್ತಿದ್ದೆ. ಹುಂಜದ ಕಾಲಿಗೆ ಬಣ್ಣ ಸಿಡಿಯದಂತೆ ಬಟ್ಟೆ ಕಟ್ಟಿದ್ದೆ, ಆ ಚಿಪ್ಪುಗಳನ್ನು ಒಂದೊಂದಾಗಿ ಒರೆಸಿದ್ದೆ. ಆದರೆ ನೋಡಿದ್ದು ಅವನು...

ಒಂದು ಭಾನುವಾರ ಎರಡೂ ಮನೆಯವರು ಪಣಜಿಗೆ ಹೋಗಿ ಆ ದಾರಿ ನಡೆದೆವು. ಚಿಪ್ಪಿನ ಒಡಪು ಬಿಡಿಸಿದ್ದು ನನ್ನ ಹೆಂಡತಿ. ಕಿಟಕಿಯ ಕೆಳಗೆ ನಿಂತು ಚಪ್ಪಾಳೆ ತಟ್ಟಿ ನಕ್ಕಳು. ಮದುವೆಯಾದ ಹೊಸತರಲ್ಲಿ ಕೇಳಿದ್ದ ನಗು ಅದು.

“ಅಣ್ಣಾರ, ತಲಿಯಾಗ ಏನೇನ್ ಇಟಗೊಂಡೀರಿ ನೀವು!” ಎಂದಳು ಅವನಿಗೆ. ನನ್ನ ಕಡೆ ತಿರುಗಿ, “ನೀವೂ ಇಷ್ಟ ವರ್ಷ ಇಲ್ಲೇ ದುಡದೀರಿ, ಒಂದಿನಾನೂ ಹೇಳಲಿಲ್ಲಲ್ರಿ?” ಎಂದಳು. ಸುಮ್ಮನೆ ಕೇಳಿದ ಮಾತದು. ನನಗೆ ಹಾಗೆ ಕೇಳಿಸಲಿಲ್ಲ.

ಇಟಲಿಯ ಮುದುಕಿ ಮೊದಲನೆಯದರಿಂದ ಹನ್ನೆರಡನೆಯದರವರೆಗೆ ನಡೆದು ಬಂದು ಅವನ ಎರಡೂ ಕೈ ಹಿಡಿದಳು. “ಮಾಯೆಸ್ತ್ರೊ” ಎಂದಳು. ಏನು ಹಾಗೆಂದರೆ ಎಂದು ಕೇಳಿದೆ. ಗುರು, ಮಾಸ್ತರ ಎಂದರ್ಥವಂತೆ. ಪುಸ್ತಕವನ್ನು ಅವನಿಗೇ ಕೊಟ್ಟಳು. ಚೀಟಿ ಬರೆದ ಅಕ್ಷರ ಯಾರದು ಎಂದು ಅವಳು ಕೇಳಲಿಲ್ಲ. ಅವನೇ ಹೇಳಿದ, ನನ್ನನ್ನು ಮುಂದೆ ಎಳೆದು ನಿಲ್ಲಿಸಿ ಹೇಳಿದ. ಅದು ನನ್ನನ್ನು ಇನ್ನಷ್ಟು ಸುಟ್ಟಿತು.

ಅವನಿಗೆ ಈ ಒಡಪಿನ ನಡಿಗೆ ಏಕೆ ಬೇಕಾಗಿತ್ತೆಂದು ನನಗೊಬ್ಬನಿಗೇ ಗೊತ್ತಿತ್ತು. ಹಿಂದಿನ ವರ್ಷ ಏಣಿಯಿಂದ ಬಿದ್ದಿದ್ದ. ಆಮೇಲೆ ಮೇಲೆ ಹತ್ತಿದರೆ ತಲೆ ತಿರುಗುತ್ತಿತ್ತು. ಕಂತ್ರಾಟುದಾರನಿಗೆ ತಿಳಿದರೆ ಕೆಲಸ ಹೋಗುತ್ತದೆಂದು ಮುಚ್ಚಿಟ್ಟಿದ್ದ. ಎತ್ತರದ ಕೆಲಸ ನಾನು ಮಾಡುತ್ತಿದ್ದೆ, ಕೆಳಗಿನದು ಅವನು. ಲಾಡ್ಜಿನ ಯಜಮಾನಿ ಅವನಿಗೆ ಮಾತು ಕೊಟ್ಟಿದ್ದಳು: ತನ್ನ ಅತಿಥಿಗಳು ಯಾರನ್ನೂ ಕೇಳದೆ ದಾರಿ ಮುಗಿಸಿ ಹಿತ್ತಲ ಬಾಗಿಲಿಗೆ ಬಂದರೆ, ಅವನಿಗೆ ಲಾಡ್ಜಿನಲ್ಲೇ ಕಾಯಂ ಕೆಲಸ. ಇನ್ನು ಏಣಿ ಹತ್ತಬೇಕಿಲ್ಲ. ಪರೀಕ್ಷೆ ಭಾನುವಾರ ಬೆಳಿಗ್ಗೆ ಎಂದಾಯಿತು.

ಶನಿವಾರ ಸಂಜೆ ಐದರ ಬಸ್ಸಿಗೆ ಅವನು ಹೊರಟ. “ಬರ್ತೀಯೇನೋ ಮಾಸ್ತರ?” ಎಂದ. “ನೀ ಮುಂದ ಹೋಗ, ಬ್ರಷ್ ತೊಳದ ಬರ್ತೇನಿ,” ಎಂದೆ. ಅವನು ತಿರುವು ದಾಟುವವರೆಗೂ ನಿಂತು ನೋಡಿದೆ. ಆಮೇಲೆ ಕಡೆಯ ಗಲ್ಲಿಗೆ ಹೋಗಿ, ಮಂಡಿಯೂರಿ, ಮೀನಿನ ಮೇಲೆ ಹಳದಿ ಬಳಿದೆ.

ಇನ್ನೂ ಒಂದು ಮಾತಿದೆ, ಅದನ್ನೂ ಹೇಳಿಬಿಡುತ್ತೇನೆ. ಸುಣ್ಣ ಬಳಿದಿದ್ದರೆ ಮುಂದಿನ ಮಳೆಗಾಲಕ್ಕೆ ತೊಳೆದುಹೋಗಿ ಮೀನು ಮತ್ತೆ ಕಾಣುತ್ತಿತ್ತು. ಎರಡೂ ಡಬ್ಬಿ ನನ್ನ ಮುಂದೆಯೇ ಇದ್ದವು. ನಾನು ಎಣ್ಣೆ ಬಣ್ಣದ ಡಬ್ಬಿ ತೆರೆದೆ. ಒಂದರ ಮೇಲೊಂದು ಎರಡು ಕೈ ಬಳಿದೆ.

ಮರುದಿನ ಎಂಟು ಜನ ಅತಿಥಿಗಳು ಚೀಟಿ ಹಿಡಿದು ಹೊರಟರು. ಹುಂಜ, ಚಿಪ್ಪು, ಎಲ್ಲ ದಾಟಿ ಹನ್ನೊಂದು ಮುಗಿಸಿದರು. ಹನ್ನೆರಡನೆಯದಕ್ಕೆ ಆ ಗೋಡೆಯ ಮುಂದೆ ನಿಂತುಬಿಟ್ಟರು. ಬಿಸಿಲೇರಿತು. ಇಬ್ಬರು ದಾರಿ ತಪ್ಪಿ ನಾಲೆಯ ಕಡೆ ಹೋದರು, ಒಬ್ಬಳು ತಲೆ ಹಿಡಿದು ಮೆಟ್ಟಿಲ ಮೇಲೆ ಕೂತಳು. ಉಳಿದವರು ಹೋಗಿ ಲಾಡ್ಜಿನ ಮುಂಬಾಗಿಲು ತಟ್ಟಿದರು. ಯಜಮಾನಿ ಬಂದು “ಕಿತೆಂ ರೇ ಹೆಂ?” ಏನಿದು ಎಂದು ಕೊಂಕಣಿಯಲ್ಲಿ ಕೂಗಿದಳು. ಹಿತ್ತಲ ಬಾಗಿಲಲ್ಲಿ ಶರಬತ್ತಿನ ಲೋಟಗಳನ್ನಿಟ್ಟುಕೊಂಡು ಕಾಯುತ್ತಿದ್ದ ಅವನು ಓಡಿಬಂದ. ನಾನೂ ಅಲ್ಲೇ ಇದ್ದೆ.

ಇಬ್ಬರೂ ಕಡೆಯ ಗಲ್ಲಿಗೆ ಹೋದೆವು. ಅವನು ಕೂತು, ಗೋಡೆಯ ಬುಡಕ್ಕೆ ಅಂಗೈ ಇಟ್ಟ. ಕೈ ಹಳದಿಯಾಯಿತು. ಮೂಗಿಗೆ ಹಿಡಿದು ನೋಡಿದ. ಸೀಮೆಎಣ್ಣೆ ಹಚ್ಚಿ ಒರೆಸಿದರೆ ಬಣ್ಣದ ಜೊತೆ ಮೀನೂ ಹೋಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ನನ್ನ ಕೈ ನೋಡಿದ. ಉಗುರಿನ ಸಂದಿಯಲ್ಲಿ ಉಳಿದಿತ್ತು...

ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲವೇನೋ. ಅವನು ಮೆಲ್ಲಗೆ, ನನಗಷ್ಟೇ ಕೇಳುವಂತೆ ಹೇಳಿದ:

“ಇದು ಬಿಡಸಾಕ ಬರವಲ್ದು ಮಾಸ್ತರ. ನಾ ಸೋತೆ. ತಗೋ, ಪಣಜಿ ಕೊಟ್ಟೇನಿ ನಿನಗ.”

ಎದ್ದು ಹೋಗಿ ಯಜಮಾನಿಗೆ, “ತಪ್ಪು ನನ್ನದೇ, ಒಡಪು ಕಟ್ಟುವಾಗ ಎಡವಿದೆ,” ಎಂದ. ಜೇಬಿನಿಂದ ಈ ಪುಸ್ತಕ ತೆಗೆದು ಒಮ್ಮೆ ನೋಡಿ ಮತ್ತೆ ಇಟ್ಟುಕೊಂಡ. ಹೆಬ್ಬೆರಳ ಗುರುತು ಆಗಿನದು.

ಮತ್ತೆ ಅವನು ಪಣಜಿಗೆ ಕೆಲಸಕ್ಕೆ ಬರಲಿಲ್ಲ. ಕುಂಡಯಿಯ ಯಾವುದೋ ಕಾರ್ಖಾನೆಗೆ ಸೇರಿದ. ಅಲ್ಲಿಗೆ ದೂರವಾಗುತ್ತದೆಂದು ಮನೆ ಖಾಲಿ ಮಾಡಿದ. ಹೊರಡುವ ದಿನ ನಾನು ಬೇಕೆಂದೇ ಮನೆಯಲ್ಲಿರಲಿಲ್ಲ. ಪುಸ್ತಕವನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು, “ಮಾಸ್ತರಗ ಕೊಡ್ರಿ ವೈನಿ. ಓದಾಕ ಬರೂದು ನಮ್ಮಾಗ ಅವಗ ಒಬ್ಬವಗ,” ಎಂದನಂತೆ. ಕೊಂಕು ಮಾತೋ, ಖರೇ ಮಾತೋ, ಇವತ್ತಿಗೂ ನನಗೆ ತಿಳಿಯದು. ಕೆಲವು ವರ್ಷಗಳ ಮೇಲೆ ಮ್ಹಾಪಸಾದ ಶುಕ್ರವಾರದ ಸಂತೆಯಲ್ಲಿ ಅವನ ಊರಿನವನೊಬ್ಬ ಸಿಕ್ಕ. ನನ್ನ ಗೆಳೆಯ ತೀರಿಕೊಂಡು ಆಗಲೇ ವರ್ಷವಾಯಿತೆಂದ. ಹೇಗೆ ಎಂದು ಕೇಳಲು ಬಾಯಿ ಬರಲಿಲ್ಲ. ಏಣಿಯಿಂದ ಬಿದ್ದು ಎಂದುಬಿಟ್ಟರೆ ಎಂಬ ಹೆದರಿಕೆ...

ಇಲ್ಲಿಯವರೆಗಿನದನ್ನು ಬರೆದು ಮೊದಲು ಹೆಂಡತಿಗೇ ಓದಿ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

“ನನಗ ಗೊತ್ತಿತ್ರಿ,” ಎಂದಳು. “ಎಣ್ಣಿ ಬಣ್ಣದ ಕಲಿ ಸುಣ್ಣದಂಗ ಹೋಗಂಗಿಲ್ಲ. ನಿಮ್ಮ ಅಂಗಿ ಒಗದಾಕಿ ನಾನ.”

ಇಷ್ಟು ವರ್ಷ ನೀನೇಕೆ ಸುಮ್ಮನಿದ್ದೆ ಎಂದು ಕೇಳಿದೆ. “ನೀವಾ ಹೇಳ್ತೀರೇನೋ ಅಂತ ದಾರಿ ನೋಡಿದೆ,” ಎಂದಳು.

ಮೊನ್ನೆ ಇಬ್ಬರೂ ಬಸ್ಸು ಹಿಡಿದು ಪಣಜಿಗೆ ಹೋದೆವು. ಚೀಟಿಗಳು ಇಲ್ಲ, ಆದರೆ ಒಡಪು ಅವಳಿಗೆ ಬಾಯಿಪಾಠ. ಹುಂಜ ಇದೆ. ಚಿಪ್ಪಿನ ಕಿಟಕಿ ಇದೆ. ಕಡೆಯ ಗಲ್ಲಿಯ ಗೋಡೆಗೆ ಹೊಸ ಗಿಲಾವು ಮಾಡಿಸಿದ್ದಾರೆ, ಕಾವಿ ಬಣ್ಣ ಬಳಿದಿದ್ದಾರೆ. ಅದರ ಮುಂದೆ ಜನ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹೆಂಡತಿ ಹನ್ನೆರಡನೆಯ ಒಡಪು ಹೇಳಿ ನನ್ನ ಮುಖ ನೋಡಿದಳು. ಗೋಡೆಯ ಬುಡದಲ್ಲಿ ಕೂತು ಕೈಯಾಡಿಸಿದೆ. ನುಣ್ಣಗಿತ್ತು. ನಾನೂ ಸೋತೆನೆಂದು ಹೇಳಬೇಕೆನಿಸಿತು. ಆದರೆ ಕೊಡಲು ನನ್ನ ಹತ್ತಿರ ಬೇರೆ ಊರಿಲ್ಲ. ಉಳಿದವನ್ನೆಲ್ಲ ಅವನು ಎಂದೋ ಗೆದ್ದುಕೊಂಡಿದ್ದ. ನನ್ನ ಬಳಿ ಇರುವುದು ಈ ಪಣಜಿಯೊಂದೇ, ಅದೂ ಗೆದ್ದದ್ದಲ್ಲ.