ಆನೆ ಮೊದಲು ಕಂಡವಳು

ಕೊಡಗಿನ ಅಮ್ಮತ್ತಿಯ ಸುತ್ತಮುತ್ತ ಇವತ್ತು ಎಲ್ಲರಿಗಿಂತ ಜನಪ್ರಿಯ ಹೆಂಗಸು ನಮ್ಮ ಪಕ್ಕದ ತೋಟದವಳು. ಪೇಟೆಯಲ್ಲಿ ಮೀನು ತೂಗುವವನೂ ಅವಳ ರೀಲ್ಸ್ ನೋಡುತ್ತಾನೆ. ಯಾರ ಬಗ್ಗೆಯೂ ಕೆಟ್ಟದ್ದು ಆಡಬಾರದೆಂದು ನಾವಿಬ್ಬರೂ ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ಇಷ್ಟು ವರ್ಷ ಪಾಲಿಸಿದ್ದೇನೆ. ಅವಳ ವಿಷಯದಲ್ಲಿ ಇನ್ನು ಪಾಲಿಸುವುದಿಲ್ಲ.

ಅವಳ ಮನೆ ಗುಡ್ಡದ ಮೇಲಿದೆ. ಕೆಳಗಿನ ಕೆರೆ, ಅದರ ಪಕ್ಕದಲ್ಲೇ ಕೆಲಸದವರು ಲೈನ್‌ಮನೆಗಳಿಂದ ನಮ್ಮ ತೋಟಕ್ಕೆ ಬರುವ ದಾರಿ, ಎರಡೂ ಕಾಣುವುದು ಅವಳ ಬಾಲ್ಕನಿಯಿಂದ ಮಾತ್ರ. ಹಾಗಾಗಿ ಬೆಳಗ್ಗೆ ಆನೆ ಇದೆಯೋ ಇಲ್ಲವೋ ನೋಡಿ ಹೇಳುವುದು ಮೊದಲಿನಿಂದಲೂ ಆ ಮನೆಯ ಹೆಂಗಸರ ಕೆಲಸ. ಅವಳ ಅತ್ತೆ ಇದ್ದಾಗ ಲ್ಯಾಂಡ್‌ಲೈನಿನಲ್ಲಿ ‘ಕೆರೆ ಹತ್ರ ಎರಡು’ ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದರು. ನಾವು ಯಾರೂ ಆಕೆಗೆ ಥ್ಯಾಂಕ್ಸ್ ಹೇಳಿದ ನೆನಪಿಲ್ಲ. ಸಿಡುಕಿ ಎಂದೇ ಆಕೆಗೆ ಹೆಸರು. ಈಗ ವಾಟ್ಸಾಪ್ ಗ್ರೂಪ್ ಇದೆ. ಅದರಲ್ಲಿ ಗುಡ್ ಮಾರ್ನಿಂಗ್ ಇಲ್ಲ, ಗುಲಾಬಿ ಹೂವಿಲ್ಲ. ಜಾಗ, ಎಷ್ಟು ಆನೆ, ಅಷ್ಟೇ. ಏನೂ ಬರದಿದ್ದರೆ ದಾರಿ ಖಾಲಿ ಎಂದು ಅರ್ಥ. ತೋಟದ ಹಾಜರಿ ಬರೆಯುವ ನಮ್ಮ ರೈಟರ್ ಅದನ್ನು ನೋಡಿಯೇ ಕಾಫಿ ಕೊಯ್ಯುವ ಪಿಕಿಂಗ್ ಹೆಂಗಸರನ್ನು ಕರೆಯುವುದು.

ಈ ಸಲದ ಪಿಕಿಂಗ್ ಶುರುವಾಗಿ ಮೂರನೆಯ ದಿನ. ಒಲೆಯ ಮೇಲೆ ಅಕ್ಕಿರೊಟ್ಟಿ, ಕೈಯಲ್ಲಿ ಫೋನು. ಅವಳ ಹೊಸ ರೀಲ್ ಬಂತು. ತೆಳು ಮಂಜಿನಲ್ಲಿ ತಾಯಾನೆ, ಮರಿ, ಹಿನ್ನೆಲೆಗೆ ಕೊಳಲು. ಮೂಲೆಯಲ್ಲಿ ಕಾಫಿ ಕಪ್ಪು, ಅದನ್ನು ಹಿಡಿದ ಬಣ್ಣದ ಉಗುರು. ಗ್ರೂಪಿನಲ್ಲಿ ಏನೂ ಇರಲಿಲ್ಲವಲ್ಲ, ಹಳೆಯ ವಿಡಿಯೋ ಇರಬೇಕು ಎಂದುಕೊಂಡೆ. ಒಂದು ಹಾರ್ಟ್ ಒತ್ತಿ ರೊಟ್ಟಿ ಮಗುಚಿ ಹಾಕಿದೆ.

ಅದೇ ಹೊತ್ತಿಗೆ ಹೆಂಗಸರು ಕೆರೆಯ ದಾರಿಯಲ್ಲಿದ್ದರು. ಮರಿ ಇದ್ದ ಆನೆ, ಅಟ್ಟಿಸಿಕೊಂಡು ಬಂತು. ಎಲ್ಲರಿಗಿಂತ ಹಿಂದೆ ಬಿದ್ದವಳು, ಹನ್ನೆರಡು ವರ್ಷದಿಂದ ನಮ್ಮಲ್ಲಿ ಕಾಫಿ ಕೊಯ್ಯುವವಳು, ಚರಂಡಿಗೆ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಆನೆ ಅವಳನ್ನು ದಾಟಿ ಹೋಯಿತು. ಬದುಕಿದ್ದಾಳೆ.

ಮಧ್ಯಾಹ್ನ ಗುಡ್ಡ ಹತ್ತಿದೆ.

‘ಗ್ರೂಪಿಗೆ ಯಾಕೆ ಹಾಕ್ಲಿಲ್ಲ?’

‘ಹಾಕೋಣ ಅಂತಲೇ ಇದ್ದೆ ಮಾರಾಯ್ತಿ. ನೆಟ್‌ವರ್ಕ್ ಗೊತ್ತಲ್ಲ, ರೀಲ್ ಅಪ್‌ಲೋಡ್ ಆಗ್ಲಿ ಅಂತ ಕಾಯ್ತಾ ಕೂತೆ. ಅಷ್ಟ್ರಲ್ಲಿ ಕಮೆಂಟ್ಸ್ ಬರೋಕೆ ಶುರುವಾಯ್ತು.’

‘ಎರಡು ಮಾತು ಬರೆಯೋಕೆ ಎಷ್ಟು ಹೊತ್ತು ಬೇಕು?’

‘ನೀನೂ ಲೈಕ್ ಕೊಟ್ಟಿದ್ಯಲ್ಲ. ನೋಡ್ದೋಳು ನೀನೇ ಹೇಳ್ಬಹುದಿತ್ತು.’

ಗುಡ್ಡ ಇಳಿದು ಬಂದೆ. ಈ ಮಾತಿಗಾಗಿಯೂ ಅವಳನ್ನು ನಾನು ಕ್ಷಮಿಸಿಲ್ಲ.

ಆ ಸಂಜೆ ಅವಳು ಇನ್ನೊಂದು ವಿಡಿಯೋ ಹಾಕಿದಳು. ಮೇಕಪ್ ಇಲ್ಲ, ಕಣ್ಣು ಒದ್ದೆ, ‘ನಮ್ಮ ಬಡ ಹೆಣ್ಣುಮಗಳಿಗಾಗಿ ಪ್ರಾರ್ಥಿಸಿ’ ಎಂಬ ಮಾತು. ಅವಳು ಇದುವರೆಗೆ ಹಾಕಿದ್ದರಲ್ಲೆಲ್ಲ ಹೆಚ್ಚು ಓಡಿದ್ದು ಅದೇ. ‘ಎಂಥ ಮನಸ್ಸು ಮೇಡಂ ನಿಮ್ದು’ ಎಂದು ಕೆಳಗೆ ಸಾಲುಸಾಲು. ಬಿದ್ದವಳ ಹೆಸರೇನು ಎಂದು ಒಬ್ಬರೂ ಕೇಳಿರಲಿಲ್ಲ. ಕೇಳಿದ್ದರೂ ಹೇಳಲು ಅವಳಿಗೆ ಗೊತ್ತಿರಲಿಲ್ಲ.

ಅವಳನ್ನು ಗ್ರೂಪಿನಿಂದ ತೆಗೆದುಹಾಕಿ ಎಂದು ರೈಟರ್‌ಗೆ ಹೇಳಿದೆ.

‘ತೆಗೆದ್ರೆ ಮೇಲಿಂದ ನೋಡೋರ್ಯಾರು ಅಮ್ಮ? ನಾನೊಂದು ಮಾಡಿದ್ದೀನಿ. ಲೈನಿನೋರ ಫೋನಲ್ಲೆಲ್ಲ ಅವರ ಪೇಜು ಫಾಲೋ ಮಾಡಿಸಿದ್ದೀನಿ. ಗ್ರೂಪಿಗೆ ಮರೆತ್ರೂ ಅಲ್ಲಿಗೆ ಮರೆಯೋದಿಲ್ಲ ಅವರು.’

ಕಾಲಿಗೆ ಕಟ್ಟು ಹಾಕಿಸಿಕೊಂಡು ಮಂಚದಲ್ಲಿ ಮಲಗಿರುವವಳೂ ಈಗ ಅವಳ ಫಾಲೋವರ್. ಮಗಳು ಪಿಕಿಂಗಿಗೆ ಹೋಗುತ್ತಾಳಲ್ಲ, ಅದಕ್ಕೆ. ‘ಆ ಯಮ್ಮನ ಮುಖ ನೋಡ್ದೆ ಮಗೀನ ಕಳ್ಸಕಾಯ್ತದಾ?’ ಎಂದಳು ನನ್ನೊಡನೆ.

ಕಳೆದ ವಾರ ಗುಡ್ಡದವಳು ಫೋನ್ ಮಾಡಿದಳು. ‘ನೋಡಿದ್ಯಾ, ಲೈನಿನೋರೂ ಫಾಲೋ ಮಾಡ್ತಿದ್ದಾರೆ. ಪಾಪ, ಎಷ್ಟು ಪ್ರೀತಿ.’

‘ಹೆದರಿಕೊಂಡು ನೋಡ್ತಿದ್ದಾರೆ’ ಎಂದೆ.

‘ಸ್ಕೂಲಲ್ಲೂ ನಿಂಗೆ ಹೊಟ್ಟೆಕಿಚ್ಚು ಜಾಸ್ತಿ’ ಎಂದು ನಕ್ಕಳು.

ಮಾರನೆಯ ಬೆಳಗ್ಗೆ ಅವಳು ಏನೂ ಹಾಕಲಿಲ್ಲ. ತಡವಾಗಿ ಎದ್ದಿರಬೇಕು. ಎಂಟೂಕಾಲಾದರೂ ಹೆಂಗಸರು ತಲೆಗೆ ಬಟ್ಟೆ ಕಟ್ಟಿ, ಚೀಲ ಹಿಡಿದು, ಲೈನಿನ ಮುಂದೆಯೇ ನಿಂತಿದ್ದರು. ಹೊಸದೇನಾದರೂ ಬಂತೇ ಎಂದು ಒಬ್ಬೊಬ್ಬರ ಹೆಬ್ಬೆರಳೂ ಫೋನಿನಲ್ಲಿ ಅವಳ ಮುಖವನ್ನು ಕೆಳಗೆ ಎಳೆದು ಬಿಡುತ್ತಿತ್ತು, ಮತ್ತೆ ಎಳೆಯುತ್ತಿತ್ತು.