ಗೆರ್ಲಿಂಡೆಯನ್ನು ಬೀಳಿಸಿದ ಪದ

ಜರ್ಮನಿಯ ಟ್ಯೂಬಿಂಗನ್ನಿಗೆ ಓದಲು ಬರುವವರಿಗೆ ವಿಶ್ವವಿದ್ಯಾಲಯದ ಪರಿಚಯವಾಗುವ ಮೊದಲು ಗೆರ್ಲಿಂಡೆ ಹೈಗಿಸಳ ಪರಿಚಯವಾಗುತ್ತಿತ್ತು. ಗುಡ್ಡದ ಮೇಲಿನ ಹಾಸ್ಟೆಲ್ಲನ್ನು ನೋಡಿಕೊಳ್ಳುವವಳು ಅವಳು. ಕಟ್ಟಿಕೊಂಡ ಪೈಪು ಬಿಡಿಸುವುದು, ಸುಟ್ಟ ಬಲ್ಬು ಬದಲಿಸುವುದು, ಪ್ರೇಮ ಮುರಿದು ಬಾಗಿಲು ಹಾಕಿಕೊಂಡವರನ್ನು ಬೈದು ಊಟಕ್ಕೆ ಎಬ್ಬಿಸುವುದು, ಎಲ್ಲ ಅವಳದೇ.

ಹುಟ್ಟಿದ್ದು ಆಲ್ಬ್ ಬೆಟ್ಟದ ಮೇಲಿನ ಒಂದು ಹಳ್ಳಿಯಲ್ಲಿ. ಹದಿನಾರಕ್ಕೆ ಬನಿಯನ್ ಕಾರ್ಖಾನೆ ಸೇರಿ ಇಪ್ಪತ್ತೆರಡು ವರ್ಷ ಹೊಲಿದಳು. ಅದನ್ನು ಮುಚ್ಚುತ್ತೇವೆ ಎಂದಾಗ ಗೇಟಿನ ಮುಂದೆ ಹನ್ನೊಂದು ದಿನ ಕೂತು ಗಂಟಲು ಹರಿಯುವಂತೆ ಕೂಗಿದಳು. ಕಾರ್ಖಾನೆ ಮುಚ್ಚಿಯೇ ಮುಚ್ಚಿತು. ಕೊನೆಯ ದಿನ ಮಾಲೀಕ ಕೈಕುಲುಕಲು ಬಂದರೆ ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ನಿಂತಳು. ಆಮೇಲೆ ಬೆಟ್ಟ ಇಳಿದು ಇಲ್ಲಿಗೆ ಬಂದಳು.

ಪ್ರತಿ ವರ್ಷ ನವೆಂಬರಿನ ಒಂದು ಬುಧವಾರ, ಶಾಲೆ ಮುಗಿಸಲಿರುವ ಮಕ್ಕಳು ಮುಂದೆ ಎಲ್ಲಿ ಓದುವುದೆಂದು ಊರು ನೋಡಲು ಬರುತ್ತಾರೆ. ಅವರಿಗೆ ಹಾಸ್ಟೆಲ್ ತೋರಿಸುವ ಕೆಲಸ ಗೆರ್ಲಿಂಡೆಯದು. ವರ್ಷದಲ್ಲಿ ಅವಳು ಇಸ್ತ್ರಿ ಅಂಗಿ ತೊಡುತ್ತಿದ್ದುದು ಆ ಒಂದೇ ದಿನ.

“ನೋಡ್ರಪ್ಪಾ, ದನ, ಹೊಲ, ಗೊಬ್ಬರ ಅಂದ್ರೆ ಪ್ರಾಣ ಅನ್ನೋರು ಹೋಹೆನ್‌ಹೈಮಿಗೆ ಹೋಗಿ. ಯಂತ್ರ ಬಿಚ್ಚಿ ಜೋಡ್ಸೋ ಹುಚ್ಚಿದ್ರೆ ರಾಯ್ಟ್‌ಲಿಂಗನ್ನು, ರೈಲಲ್ಲಿ ಕಾಲು ಗಂಟೆ ದಾರಿ. ದೇವರ ಬಗ್ಗೆಯೋ ಸತ್ತ ಭಾಷೆ ಬಗ್ಗೆಯೋ ಜಗಳ ಆಡ್ಬೇಕಾ, ಇಲ್ಲೇ ಇರಿ. ರೂಮು ಸಿಗೋದು ಕಷ್ಟ, ಸಿಕ್ಕಿದ್ರೂ ಗೂಡು. ಮಸೂರ ಕಾಳಿನ ಜೊತೆ ಶ್ಪೆಟ್ಸ್‌ಲೆ ಶಾವಿಗೆ ಸೇರಲ್ಲ ಅನ್ನೋರು ಈಗ್ಲೇ ಹೇಳ್ಬಿಡಿ, ಬಸ್ ಸ್ಟಾಪ್ ಆ ಕಡೆ.”

ಮಕ್ಕಳು ನಗುತ್ತಿದ್ದರು. ತೊಂದರೆಯೆಂದರೆ ಅವಳು ಆಡುತ್ತಿದ್ದುದು ತನ್ನ ಬೆಟ್ಟದ ಶ್ವಾಬ್ ಮಾತು. ಉತ್ತರದಿಂದ ಬಂದವರಿಗೆ ಅರ್ಧ ತಲೆಗೆ ಹೋಗುತ್ತಿರಲಿಲ್ಲ. ಒಂದು ವರ್ಷ ಆ ದಿನ ಹತ್ತಿರ ಬಂದಾಗ, ಹಾಸ್ಟೆಲ್ ಕಚೇರಿಗೆ ಹೊಸದಾಗಿ ಬಂದ ಮುಖ್ಯಸ್ಥೆ ಲ್ಯೂಡರ್ಸ್ ಅವಳನ್ನು ಕರೆದು ಹೇಳಿದಳು:

“ನೀವು ಹೇಳಿದ್ದು ಅರ್ಥ ಆಗ್ಲಿಲ್ಲ ಅಂತ ಎರಡು ದೂರು ಬಂದಿದೆ. ಮೂರನೇದು ಬಂದ್ರೆ ಬುಧವಾರದ ಕೆಲಸ ಬೇರೆಯವರಿಗೆ ಕೊಡ್ತೀನಿ. ಶುದ್ಧ ಜರ್ಮನ್ ಮಾತಾಡಿ.”

“ಆಡ್ತೀನಿ ಬಿಡಿ ಮೇಡಂ. ಬೇರೆಯವ್ರ ಹಲ್ಲುಸೆಟ್ಟು ಹಾಕ್ಕೊಂಡಂಗಿರುತ್ತೆ, ಆದ್ರೂ ಆಡ್ತೀನಿ.”

ಆ ಬುಧವಾರ ಅರ್ಧ ಗಂಟೆ ಶುದ್ಧವಾಗಿಯೇ ಮಾತಾಡಿದಳು. ಎರಡನೇ ಮಹಡಿಯ ಕಾರಿಡಾರಿನಲ್ಲಿ ಟ್ಯೂಬ್‌ಲೈಟ್ ಮಿಣುಕಾಡುತ್ತಿತ್ತು. ಬಂದವರು ಕತ್ತಲಲ್ಲಿ ಏನು ನೋಡಿಯಾರು ಎಂದು ಏಣಿ ಹಾಕಿ ಹತ್ತಿದಳು. ಮಗಳು ಟೊಮ್ಕೆಯ ಜೊತೆ ಉತ್ತರದ ಕಡಲ ತೀರದಿಂದ ಬಂದಿದ್ದ ಡೆಟ್ಲೆಫ್ಸನ್ ಪಕ್ಕದಲ್ಲೇ ನಿಂತಿದ್ದ. ಬಂದರಿನಲ್ಲಿ ಮೂಟೆ ಹೊತ್ತು ಗಟ್ಟಿಯಾದ ಆಳು. ಗೆರ್ಲಿಂಡೆ ಮೇಲೆ ಹೋದಾಗ ಏಣಿ ಅಲ್ಲಾಡಿತು. ಹೆದರಿದವಳ ಬಾಯಲ್ಲಿ ಬರುವುದು ಹೆತ್ತವಳ ಮಾತೇ.

“ಹೇಬ್! ಹೇಬ್!” ಎಂದು ಕಿರುಚಿದಳು.

ಅವಳ ಬೆಟ್ಟದಲ್ಲಿ ಹೇಬ್ ಎಂದರೆ ಹಿಡಿದುಕೋ. ಉಳಿದ ಜರ್ಮನಿಯಲ್ಲೆಲ್ಲ ಹೇಬ್ ಎಂದರೆ ಎತ್ತು. ಹೇಳಿದ್ದನ್ನು ಮಾಡುವ ಮನುಷ್ಯ ಡೆಟ್ಲೆಫ್ಸನ್. ಗೆರ್ಲಿಂಡೆ ಸಮೇತ ಏಣಿಯನ್ನು ಎತ್ತಿದ.

“ಯಾಕ್ರೀ ಎತ್ತಿದ್ರಿ?” ಅವಳು ನೆಲದ ಮೇಲಿಂದ ಅರಚಿದಳು.

“ನೀವೇ ಎತ್ತು ಅಂದ್ರಲ್ಲಮ್ಮಾ!”

“ಹಿಡ್ಕೋ ಅಂದೆ ಕಣ್ರೀ!”

“ಎತ್ತು ಅಂದ್ರಿ. ಎರಡು ಸಲ ಅಂದ್ರಿ!”

“ಅಪ್ಪಾ, ವಾದ ಆಮೇಲೆ,” ಎಂದಳು ಟೊಮ್ಕೆ. “ಅವರ ಪಾದ ಯಾವ ಕಡೆ ತಿರುಗಿದೆ ನೋಡು.”

ಮೂರನೆಯ ದಿನ ಲ್ಯೂಡರ್ಸ್ ಆಸ್ಪತ್ರೆಗೆ ವಿಮೆಯ ವರದಿ ತಂದಳು. ಕಾರಣವನ್ನು ಮೊದಲೇ ಟೈಪು ಮಾಡಿಸಿದ್ದಳು: ‘ಅತಿಥಿಯೊಬ್ಬರು ಹೇಳದೆ ಕೇಳದೆ ಏಣಿ ಎತ್ತಿದರು.’

“ಸಹಿ ಹಾಕಿ. ನಿಮ್ಮ ಮೇಲೇನೂ ಬರಲ್ಲ, ಬುಧವಾರ ನಿಮ್ಮದೇ ಇರುತ್ತೆ.”

“ಆ ಮನುಷ್ಯನ ಗತಿ?”

“ತಪ್ಪು ಅವರದು ಅಂತಾಗುತ್ತೆ, ಅಷ್ಟೇ.”

ಗೆರ್ಲಿಂಡೆ ಕಾಗದವನ್ನು ಎರಡು ಸಲ ಓದಿದಳು. ಬುಧವಾರ ಅವಳಿಗೆ ಬೇಕಿತ್ತು, ತುಂಬಾ ಬೇಕಿತ್ತು. ಆದರೂ ಪೆನ್ನು ಇಸಿದುಕೊಂಡು ಆ ಸಾಲನ್ನು ಹೊಡೆದು ಹಾಕಿ ಕೆಳಗೆ ಬರೆದಳು: ‘ನಾನು ಹೇಳಿದೆ, ಅವರು ಕೇಳಿದರು. ನನ್ನ ಮಾತು ಅವರಿಗೆ ಅರ್ಥವಾಗಲಿಲ್ಲ.’

ಮೂರನೆಯ ದೂರನ್ನು ತಾನೇ ಬರೆದುಕೊಟ್ಟಂತಾಯಿತು. ಲ್ಯೂಡರ್ಸ್ ಓದಿದಳು, ಮಡಿಸಿದಳು, ಹೋದಳು. ಕೊಟ್ಟ ಮಾತಿನಂತೆ ಬುಧವಾರವನ್ನು ಕಿತ್ತುಕೊಂಡಳು.

ಮುಂದಿನ ನವೆಂಬರಿನಲ್ಲಿ ಬಂದವರನ್ನು ಸಭಾಂಗಣದಲ್ಲಿ ಕೂರಿಸಿ ಚಿತ್ರ ತೋರಿಸಿದರು. ಬಿಸಿಲು, ಸೇತುವೆ, ನಗುವ ಮುಖಗಳು, ಶುದ್ಧ ಜರ್ಮನ್. ಗೆರ್ಲಿಂಡೆ ಹಳೇ ಸ್ವೆಟರಿನಲ್ಲಿ, ಸ್ವಲ್ಪ ಕುಂಟುತ್ತ, ಅಂಗಳ ಗುಡಿಸುತ್ತಿದ್ದಳು. ಒಬ್ಬ ತಾಯಿ ಹೊರಗೆ ಬಂದು ಶೌಚಾಲಯ ಎಲ್ಲಿ ಎಂದಳು. ಗೆರ್ಲಿಂಡೆ ತೋರಿಸಿದಳು. ಜೊತೆಗೆ, ಬಡಗಣ ದಿಕ್ಕಿನ ರೂಮು ಕೊಟ್ಟರೆ ಬೇಡ ಅನ್ನಿ, ಗೋಡೆ ಬೆವರುತ್ತದೆ ಎಂದಳು. ತಾಯಿ ಒಳಗೆ ಹೋಗಿ ಮಗನನ್ನು ಕರೆತಂದಳು. ಮಗನ ಹಿಂದೆ ಮತ್ತಿಬ್ಬರು ಬಂದರು. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಇಪ್ಪತ್ತು ಜನ. ಅರ್ಥವಾಗದವರು “ಇನ್ನೊಂದ್ಸಲ ಹೇಳಿ” ಎನ್ನುತ್ತಿದ್ದರು. ಅವಳು ಹೇಳುತ್ತಿದ್ದಳು.

ಲ್ಯೂಡರ್ಸ್ ಬಾಗಿಲಿಗೆ ಬಂದು ನಿಂತಳು.

“ಏನ್ ಮಾಡ್ತಿದ್ದೀರಿ?”

“ಎಲೆ ಗುಡಿಸ್ತಾ ಇದ್ದೀನಿ ಮೇಡಂ.”

ಲ್ಯೂಡರ್ಸ್ ಆ ಇಪ್ಪತ್ತು ಜನರನ್ನು ನೋಡಿದಳು, ತಿರುಗಿ ಖಾಲಿ ಕುರ್ಚಿಗಳನ್ನು ನೋಡಿದಳು.

“ಎರಡನೇ ಮಹಡೀಲೂ ಎಲೆ ಬಿದ್ದಿದೆ ಅನ್ಸುತ್ತೆ,” ಎಂದಳು. “ಇವರನ್ನೂ ಕರ್ಕೊಂಡೋಗಿ ಗುಡಿಸಿ.”