ಆಚೆ ದಂಡೆಗೆ ದೂಡಿದ ಹೆಣ

ನಮ್ಮೂರು ಕಾಗವಾಡದ ಕಡೆಗೆ, ಕೃಷ್ಣೆಯ ದಂಡೆಯಲ್ಲಿ. ಈ ದಂಡೆ ಕರ್ನಾಟಕ, ಆಚೆ ದಂಡೆ ಮಹಾರಾಷ್ಟ್ರ. ಹೊಳೆಯಲ್ಲಿ ಹೆಣ ತೇಲಿ ಬಂದರೆ ಎರಡೂ ಕಡೆಯ ಪೊಲೀಸರಿಗೆ ತಲೆನೋವು. ದೋಣಿ ನಡೆಸುತ್ತಿದ್ದ ಅಪ್ಪನನ್ನು ಹವಾಲ್ದಾರ ಕರೆಯುತ್ತಿದ್ದ: "ಏ ಮಾಮಾ, ದೂಡಪಾ ಆಚಿ ದಂಡಿಗಿ." ಅಪ್ಪ ಬಿದಿರಿನ ಗಳ ಹಾಕಿ ದೂಡುತ್ತಿದ್ದ. ಆಚೆಯವರು ಮತ್ತೆ ಈಚೆಗೆ. ಚಹಾದಂಗಡಿಯಲ್ಲಿ ಅಪ್ಪ ಇದನ್ನೇ ಹೇಳಿ ಎಲ್ಲರನ್ನೂ ನಗಿಸುತ್ತಿದ್ದ.

ಎಂಬತ್ತರ ದಶಕದ ಕೊನೆಗೆ ಅಣ್ಣ ಮುಂಬೈಗೆ ಹೋಗಿ, ನಡುಸಮುದ್ರದ ತೈಲಬಾವಿಯಲ್ಲಿ ಗುತ್ತಿಗೆದಾರನ ಕೈಕೆಳಗೆ ವೆಲ್ಡಿಂಗ್ ಕೆಲಸಕ್ಕೆ ಸೇರಿದ. ಒಂದು ಮಳೆಗಾಲ ಅಲ್ಲಿನ ಕಬ್ಬಿಣದ ಅಟ್ಟದಿಂದ ಸಮುದ್ರಕ್ಕೆ ಬಿದ್ದ. ಹೆಣ ಸಿಗಲಿಲ್ಲ. ಅಪ್ಪ, ನಾನು ಮುಂಬೈಗೆ ಹೊರಟಾಗ ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಸತ್ತಾನಂತ ಸರಕಾರದವ್ರು ಯಾರರ ಹೇಳ್ಲಿ. ಅಲ್ಲೀತನಕಾ ನನ್ನ ಸೊಸಿ ಕೈಯಾನ ಬಳಿ ಯಾರೂ ಒಡೀಬ್ಯಾಡ್ರಿ."

ಸತ್ತನೆಂದು ಬರೆದುಕೊಡಿ ಎಂದರೆ ಮುಂಬೈ ಬಂದರಿನ ಪೊಲೀಸರು ಕೈ ಝಾಡಿಸಿದರು. ಅಷ್ಟು ದೂರದ ಸಮುದ್ರ ರಾಜ್ಯದ ಸರಹದ್ದಿಗೆ ಬರುವುದಿಲ್ಲವಂತೆ, ಅದು ಕೇಂದ್ರದ್ದಂತೆ. ಕೇಂದ್ರದ ಕಚೇರಿಯಲ್ಲಿ ಸಾಹೇಬರೊಬ್ಬರು ನಕಾಶೆ ಹರಡಿ ತಿಳಿಸಿ ಹೇಳಿದರು: ಸಮುದ್ರದ ತಳ ನಮ್ಮದು, ತಳದ ಕೆಳಗಿನ ಎಣ್ಣೆ ನಮ್ಮದು, ಅನಿಲ ನಮ್ಮದು. ಬಿದ್ದ ಮನುಷ್ಯನ ವಿಚಾರ ಪೊಲೀಸರದು. ತಳ ನಿಮ್ಮದಾದರೆ ತಳಕ್ಕೆ ಹೋದ ನನ್ನ ಮಗ ಯಾರವನು ಎಂದು ಅಪ್ಪ ಮರಾಠಿಯಲ್ಲಿ ಕೇಳಿದ. ಸಾಹೇಬರು ನಕಾಶೆ ಮಡಚಿ ಊಟಕ್ಕೆ ಎದ್ದರು. ಇವರ ಮನೆ ಹಾಳಾಗಲಿ ಎಂದು ಬೈದುಕೊಂಡೇ ಮಿರಜದ ರೈಲು ಹತ್ತಿದೆ.

ಮರುವರ್ಷ ಹೊಳೆ ತುಂಬಿದಾಗ ಒಂದು ಹೆಣ ಬಂತು. ಹರೆಯದ ಗಂಡಸು. ಹವಾಲ್ದಾರ ಎಂದಿನಂತೆ ಕರೆದ. ಅಪ್ಪ ದೂಡಲಿಲ್ಲ. ಹಗ್ಗ ಕಟ್ಟಿ ನಮ್ಮ ದಂಡೆಗೇ ಎಳೆದು ತಂದ.

"ಏನ್ ಮಾಡಾಕತ್ತಿ ಮಾಮಾ? ಹುಚ್ಚ ಹಿಡದೈತೇನ?"

"ನಮ್ಮ ದಂಡಿಗಿ ಬಂದಾನ್ರಿ. ಸತ್ತಾನಂತ ಬರಕೊಳ್ರಿ."

ಹವಾಲ್ದಾರ ಹಗ್ಗ ಬಿಚ್ಚಿ, ಅಪ್ಪನ ಗಳ ಕಸಿದುಕೊಂಡು ತಾನೇ ದೂಡಿದ. ಅಪ್ಪ ಎದೆಮಟ್ಟ ನೀರಿಗಿಳಿದು ಕೂಗಿದ: "ದೂಡಬ್ಯಾಡ್ರೋ! ಅವನ ಮನ್ಯಾಗೂ ಒಬ್ಬಾಕಿ ಕೈಯಾಗ ಬಳಿ ಇಟ್ಕೊಂಡು ಕುಂತಿರ್ತಾಳೋ!"

ಆಚೆ ದಂಡೆಯಲ್ಲಿ ಒಬ್ಬ ಆಗಲೇ ಗಳ ಹಿಡಿದು ನಿಂತಿದ್ದ.